ಮೆಂತ್ಯ ಸೊಪ್ಪಿಗೆ ಬೆಳ್ಳಿ ಗೋಡೆ

ದಾವಣಗೆರೆಯಲ್ಲಿ ಬಿಸಿಲಿಗೆ ಬರವಿಲ್ಲ. ಏಪ್ರಿಲ್ ಬಂತೆಂದರೆ ಮಂಡಕ್ಕಿ ಭಟ್ಟಿಯವರೂ ಬಿಸಿಲನ್ನು ಬೈಯುತ್ತಾರೆ. ಇಂಥ ಊರಲ್ಲಿ ಎಲ್‌ಇಡಿ ಲೈಟ್ ಹಾಕಿ ಮನೆಯೊಳಗೆ ಮೆಂತ್ಯ ಬೆಳೆಯುತ್ತೇನೆ ಅಂದರೆ ಯಾರಿಗಾದರೂ ನಗು ಬರುತ್ತದೆ. ಅವ್ವನಿಗೂ ಬಂತು. ಆದರೆ ನಾವು ಬಾಡಿಗೆಯವರು. ತಾರಸಿ ಮಾಲೀಕರದು. ನಿಜ ಹೇಳಬೇಕೆಂದರೆ ಕೋತಿಗಳದು. ನನ್ನ ಪಾಲಿಗೆ ಉಳಿದದ್ದು ಹಿಂದಿನ ಸಾಮಾನಿನ ಕೋಣೆ. ಅದಕ್ಕೊಂದು ಕಿಟಕಿಯೇನೋ ಇದೆ, ತೆರೆದರೆ ಪಕ್ಕದ ಮನೆಯ ಗೋಡೆ ಕೈಗೆ ಸಿಗುತ್ತದೆ.

ಲೈಟ್ ತರುವುದು ಸುಲಭ. ತಲೆನೋವೆಲ್ಲ ಗೋಡೆಯದು. ಲೈಟಿನ ಬೆಳಕೆಲ್ಲ ನೆಟ್ಟಗೆ ಗಿಡದ ಮೇಲೆ ಬೀಳುವುದಿಲ್ಲ. ಪಕ್ಕಕ್ಕೆ ಚೆಲ್ಲಿಹೋದದ್ದನ್ನು ಗೋಡೆ ತಿರುಗಿಸಿ ಕೊಡಬೇಕು. ನಮ್ಮ ಗೋಡೆಗೋ, ಹಿಂದೆ ಇದ್ದವರು ಹೊಡೆಸಿದ್ದ ಕಡು ಹಸಿರು ಬಣ್ಣ. ಬಿದ್ದ ಬೆಳಕನ್ನೆಲ್ಲ ಅದೇ ನುಂಗಿಕೊಂಡು ಕೂರುತ್ತಿತ್ತು. ಮೂಲೆಯ ಟ್ರೇಗಳಲ್ಲಿ ಮೆಂತ್ಯ ಸಣಕಲಾಗಿ ಉದ್ದುದ್ದ ಎದ್ದು, ಲೈಟಿನ ಕಡೆ ಕತ್ತು ಚಾಚಿ, ಕೊನೆಗೆ ಹಾಗೇ ಮಲಗಿಬಿಟ್ಟಿತು.

ಮೊದಲು ಸಹಾಯಕ್ಕೆ ಬಂದವನು ಭಾಮೈದ. ಮದುವೆ ಮನೆಗಳ ಅಡುಗೆ ಕಾಂಟ್ರಾಕ್ಟ್ ಅವನದು. 'ಭಾವ, ಖರ್ಚೇ ಬೇಡ' ಎಂದು ಚಪಾತಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್ ತಂದು ತಾನೇ ಅಂಟಿಸಿದ. ಹೊಳಪೇನೋ ಬಂತು. ಆದರೆ ಫಾಯಿಲ್ ಎಷ್ಟು ಒತ್ತಿದರೂ ಸುಕ್ಕಾಗುತ್ತದೆ. ಸುಕ್ಕಿನಿಂದ ಬೆಳಕು ಒಂದು ಕಡೆ ಗೆರೆಗೆರೆಯಾಗಿ ಬೀಳುತ್ತದೆ, ಪಕ್ಕದಲ್ಲೇ ನೆರಳು. ಅದನ್ನಾದರೂ ಸಹಿಸಬಹುದಿತ್ತು. ಫಾಯಿಲಿನಲ್ಲಿ ಕರೆಂಟೂ ಹರಿಯುತ್ತದೆ ಎನ್ನುವುದನ್ನು ಭಾಮೈದ ಲೆಕ್ಕಕ್ಕೇ ಹಿಡಿದಿರಲಿಲ್ಲ. ಸ್ವಿಚ್ ಬೋರ್ಡಿನ ಹಳೇ ವೈರೊಂದು ಎಲ್ಲೋ ತಾಗಿತ್ತು. ಫ್ಯಾನ್ ರಿಪೇರಿಗೆ ಬಂದ ಎಲೆಕ್ಟ್ರಿಷಿಯನ್ ಸುಮ್ನೆ ಟೆಸ್ಟರ್ ಇಟ್ಟು ನೋಡಿ ಎರಡು ಹೆಜ್ಜೆ ಹಿಂದೆ ಸರಿದ. 'ಅಲ್ರೀ ಸರ್, ಇದು ಗೋಡೆನಾ, ಕರೆಂಟ್ ಕಂಬಾನಾ?' ಅಂದ. ಮೇನ್ ಆಫ್ ಮಾಡಿ ಫಾಯಿಲೆಲ್ಲ ಕಿತ್ತೆವು.

ಭಾಮೈದ ಸೋಲುವವನಲ್ಲ. ಯಾವುದೋ ನಿಶ್ಚಿತಾರ್ಥದಲ್ಲಿ ಉಳಿದ ಬೆಳ್ಳಿ ಬಣ್ಣದ ಪೇಪರ್ ತಟ್ಟೆಗಳ ಕಟ್ಟು ತಂದ. ಸಾಲಾಗಿ ಅಂಟಿಸಿದ ಮೇಲೆ ಕೋಣೆ ಸಣ್ಣ ಆರ್ಕೆಸ್ಟ್ರಾದ ಸ್ಟೇಜ್ ಆಯಿತು. ಆದರೆ ನಮ್ಮೂರಲ್ಲಿ ಸಂಜೆಯಾದರೆ ಮಂಡಕ್ಕಿ-ಮಿರ್ಚಿ ಬಾರದ ಮನೆ ಯಾವುದಿದೆ? ಪೊಟ್ಟಣ ಬಿಚ್ಚಿದಾಗಲೆಲ್ಲ ಅವ್ವ ಒಳಗೆ ಹೋಗಿ ಗೋಡೆಯಿಂದ ಒಂದೊಂದು ತಟ್ಟೆ ಕಿತ್ತು ತರುತ್ತಿದ್ದಳು. 'ಒಳ್ಳೇ ತಟ್ಟೆ, ಗೋಡೆಗೆ ಯಾಕೆ ಬೇಕು?' ಎನ್ನುವುದು ಅವಳ ವಾದ. ನೆಂಟರು ಬಂದ ಒಂದು ಭಾನುವಾರ ಪೂರ್ವ ದಿಕ್ಕಿನ ಗೋಡೆ ಪೂರ್ತಿ ಖಾಲಿಯಾಯಿತು.

ಕೊನೆಗೆ ಆನ್‌ಲೈನಿನಲ್ಲಿ ಮೈಲಾರ್ ತರಿಸಿದೆ. ಹೆಸರು ಕೇಳಿದ್ದೇ ಅವ್ವ 'ಏಳುಕೋಟಿಗೋ' ಎಂದು ಕೈಮುಗಿದಳು. ನಾನು ತಿದ್ದಲು ಹೋಗಲಿಲ್ಲ. ಪಾಲಿಯೆಸ್ಟರ್ ಹಾಳೆಗೆ ತೆಳ್ಳಗೆ ಅಲ್ಯೂಮಿನಿಯಂ ಲೇಪ ಕೊಟ್ಟ ಫಿಲ್ಮ್ ಅದು. ಒಳ್ಳೆಯದಾದರೆ ಬಿದ್ದ ಬೆಳಕಿನಲ್ಲಿ ಶೇಕಡಾ 90ಕ್ಕಿಂತ ಜಾಸ್ತಿ ವಾಪಸ್ ಕೊಡುತ್ತದೆ. ಪಾರ್ಸಲ್ ಬಿಚ್ಚಿದರೆ ಬಂದಿದ್ದದ್ದು ಚಳಿಗೆ ಹೊದೆಯುವ ತುರ್ತು ಕಂಬಳಿ. 1964ರಲ್ಲಿ ನಾಸಾದವರು ಬಾಹ್ಯಾಕಾಶದ ಕೆಲಸಕ್ಕೆಂದು ಕಂಡುಹಿಡಿದ ಜಾತಿಯದು, ಆದರೆ ಇದರ ತೆಳುವು ಎಷ್ಟೆಂದರೆ ಬಲ್ಬಿಗೆ ಅಡ್ಡ ಹಿಡಿದರೆ ಬಲ್ಬೇ ಕಾಣುತ್ತಿತ್ತು. ಫ್ಯಾನ್ ಹಾಕಿದರೆ ರಾತ್ರಿಯೆಲ್ಲ ಪರಪರ ಸದ್ದು. ಅವ್ವ ಇಲಿ ಬೋನು ತಂದಿಟ್ಟಳು.

ಅದಕ್ಕಿಂತ ಹೆಚ್ಚಿನ ಗಲಾಟೆ ಕಿಟಕಿಯ ಆಚೆ ನಡೆದಿತ್ತು. ನೇರಳೆ ಬಣ್ಣದ ಲೈಟು, ಮಿರಮಿರ ಮಿಂಚುವ ಗೋಡೆ, ಬಾಗಿಲು ಸದಾ ಮುಚ್ಚಿದ್ದು. ಪಕ್ಕದ ಮನೆಯ ಯಜಮಾನರು ಒಂದು ಸಂಜೆ ದನಿ ತಗ್ಗಿಸಿ, 'ಒಳಗೆ ಏನು ಬೆಳೀತಿದೀರಿ ಸರ್?' ಅಂದರು. ಮೆಂತ್ಯ ಅಂದೆ. 'ಆಯ್ತು ಬಿಡಿ, ಮೆಂತ್ಯ' ಎಂದು ನಕ್ಕು, ಕಿಟಕಿಗೆ ಮೂಗು ತಂದು ಜೋರಾಗಿ ಉಸಿರೆಳೆದುಕೊಂಡರು. ಪಾಪ, ಸಿಕ್ಕಿದ್ದು ಗೊಬ್ಬರದ ವಾಸನೆ.

ದಾರಿ ತೋರಿಸಿದವನು ಒಬ್ಬ ಹಳೇ ಪೇಂಟರ್. 'ಸುಣ್ಣ ಹೊಡೀರಿ ಸರ್, ಅಷ್ಟೇ' ಅಂದ. ವಿಚಾರಿಸಿದರೆ ಮಾತು ಸರಿ. ಹೊಳಪಿಲ್ಲದ ಅಚ್ಚ ಬಿಳಿ ಗೋಡೆ ಶೇಕಡಾ 80ರ ಆಸುಪಾಸು ಬೆಳಕನ್ನು ತಿರುಗಿಸುತ್ತದೆ. ಅದೂ ಕನ್ನಡಿಯಂತೆ ಒಂದೇ ಕಡೆಗಲ್ಲ, ಎಲ್ಲಾ ದಿಕ್ಕಿಗೂ ಸಮನಾಗಿ. ಗಿಡಕ್ಕೆ ಬೇಕಾದದ್ದು ಅದೇ. ಒಂದೇ ಷರತ್ತು ಹಾಕಿದೆ, ಸುಣ್ಣಕ್ಕೆ ನೀಲಿ ಬೆರೆಸಬಾರದು. ನೀಲಿ ಕಣ್ಣಿಗೆ ಬೆಳ್ಳಗೆ ತೋರಿಸುತ್ತದೆ, ಆದರೆ ಹಳದಿ ಬೆಳಕನ್ನು ಸ್ವಲ್ಪ ತಿಂದುಹಾಕಿಯೇ ಆ ಕೆಲಸ ಮಾಡುತ್ತದೆ. ಪೇಂಟರಿಗೆ ಅವಮಾನವಾಯಿತು. 'ನೀಲಿ ಇಲ್ದಿರೋ ಸುಣ್ಣ ಸುಣ್ಣಾನಾ ಸರ್?' ಎಂದು ಮುಖ ಊದಿಸಿಕೊಂಡೇ ಕೆಲಸ ಮುಗಿಸಿದ.

ಹಸಿ ಸುಣ್ಣದಲ್ಲಿ ಹಳೇ ಹಸಿರು ಹಾಗೇ ಕಾಣುತ್ತಿತ್ತು. ಅವ್ವ 'ನೀರು ಬಳಿದು ದುಡ್ಡು ತಗೊಂಡು ಹೋದ' ಅಂದಳು. ಒಣಗುತ್ತಾ ಬಂದಂತೆ ಬಿಳುಪು ಏರಿತು. ಆದರೆ ಸಿಟ್ಟಿನಲ್ಲಿ ಆತ ಅಂಟು ಹಾಕುವುದನ್ನು ಮರೆತಿದ್ದ. ಒಳಗೆ ಹೋಗಿ ಬಂದವರ ಭುಜ, ಬೆನ್ನು ಎಲ್ಲ ಬಿಳಿ. ಭಾಮೈದನ ಕಪ್ಪು ಪ್ಯಾಂಟನ್ನು ನಾನು ವರ್ಣಿಸುವುದಿಲ್ಲ.

ಮೆಂತ್ಯ ಮಾತ್ರ ಗಿಡ್ಡಗೆ, ದಪ್ಪಗೆ, ಮೂಲೆಯಲ್ಲೂ ನೆಟ್ಟಗೆ ನಿಂತಿತು. ಬಾಡಿಗೆಗೆ ಬಂದ ಮಾಲೀಕರು ಇಣುಕಿ ನೋಡಿ, 'ಕೋಣೆ ದೊಡ್ಡದಾಗಿ ಕಾಣುತ್ತೆ ಅಲ್ವಾ? ಮುಂದಿನ ತಿಂಗಳಿಂದ ಐನೂರು ಜಾಸ್ತಿ ಮಾಡೋಣ' ಅಂದರು. ನಾನು ಗಡಿಬಿಡಿಯಲ್ಲಿ ಒಂದು ಕಟ್ಟು ಸೊಪ್ಪು ಕೊಯ್ದು ಕೈಗಿಟ್ಟೆ. ಸೊಪ್ಪು ತಗೊಂಡರು. ಐನೂರು ಬಿಡಲಿಲ್ಲ.