ಕಣ್ಣು ಮುಚ್ಚಿದರೆ ಅಮ್ಮನೇ ಬರುತ್ತಾರೆ ಎಂದವರಿಗೆ

ನಿನ್ನೆಯ ಸಿಟ್ಟು ಇನ್ನೂ ಇಳಿದಿಲ್ಲ. ಕಚೇರಿಯಲ್ಲಿ ಒಂದು ಗಂಟೆಯ ಧ್ಯಾನ ಶಿಬಿರವಿತ್ತು. ಕುಳಿತ ಹತ್ತು ನಿಮಿಷಕ್ಕೇ ಸಹೋದ್ಯೋಗಿಯೊಬ್ಬರು ಬಿಕ್ಕಿದರು. ತಾಯಿ ತೀರಿಕೊಂಡು ಎರಡು ತಿಂಗಳೂ ಆಗಿಲ್ಲ. “ಕಣ್ಣು ಮುಚ್ಚಿದರೆ ಅಮ್ಮನೇ ಬರುತ್ತಾರೆ ಸರ್” ಎಂದರು. ಶಿಬಿರ ನಡೆಸುತ್ತಿದ್ದವರು ಹೇಳಿದರು: “ಆ ಯೋಚನೆಯನ್ನು ಆಚೆ ತಳ್ಳಿ, ಮನಸ್ಸನ್ನು ಖಾಲಿ ಮಾಡಿ. ಬುದ್ಧ ಹೇಳಿದ್ದೇ ಅದು.”

ಬುದ್ಧ ಅದನ್ನು ಹೇಳಲಿಲ್ಲ! ಅವನ ಉಪದೇಶಗಳಲ್ಲೊಂದಾದ ಸತಿಪಟ್ಠಾನ ಸುತ್ತದಲ್ಲಿರುವುದು ಬೇರೆಯೇ: ನೋವಿನ ವೇದನೆ ಬಂದಾಗ ನೋವಿನ ವೇದನೆ ಬಂದಿದೆ ಎಂದು ತಿಳಿ, ಚಿತ್ತದಲ್ಲಿ ದ್ವೇಷವಿದ್ದರೆ ಇದೆಯೆಂದು, ಇಲ್ಲದಿದ್ದರೆ ಇಲ್ಲವೆಂದು ತಿಳಿ. ತಿಳಿಯಲು ಮನಸ್ಸು ಬೇಕಲ್ಲವೇ? ಖಾಲಿ ಮಾಡಿದರೆ ತಿಳಿಯುವವರು ಯಾರು?

ಪಾಲಿ ಓದಿದ ಗೆಳೆಯರು ಇನ್ನೊಂದು ಉಪದೇಶವಾದ ವಿತಕ್ಕಸಂಠಾನ ಸುತ್ತವನ್ನು ಎತ್ತುತ್ತಾರೆ, ಗೊತ್ತು. ಯೋಚನೆಗಳನ್ನು ಕಳೆಯಲು ಐದು ಉಪಾಯಗಳು ಅಲ್ಲಿವೆ, ನಿಜ. ಆದರೆ ಅವು ರಾಗ, ದ್ವೇಷ, ಮೋಹಗಳಿಗೆ ಅಂಟಿದ ಯೋಚನೆಗಳಿಗೆ. ಮೊದಲ ಉಪಾಯವೂ ಖಾಲಿ ಮಾಡುವುದಲ್ಲ. ಬಡಗಿ ಸಣ್ಣ ಗೂಟ ಹೊಡೆದು ದಪ್ಪ ಗೂಟವನ್ನು ಹೊರಹಾಕುವಂತೆ, ಕೆಟ್ಟದ್ದರ ಜಾಗಕ್ಕೆ ಒಳ್ಳೆಯದನ್ನು ತರುವುದು. ಸತ್ತ ತಾಯಿಯ ನೆನಪು ಯಾವ ಗೂಟ?

ಸತ್ತ ಮಗುವನ್ನು ಎತ್ತಿಕೊಂಡು ಬುದ್ಧನ ಬಳಿ ಬಂದ ಕಿಸಾ ಗೋತಮಿಗೂ ಮರೆತುಬಿಡು ಎಂಬ ಮಾತು ಸಿಗಲಿಲ್ಲ. ಸಾವಿಲ್ಲದ ಮನೆಯ ಸಾಸಿವೆ ತಾ ಎಂದು ಊರೊಳಗೆ ಕಳುಹಿಸಿದ. ಹೊಸ್ತಿಲು ಹೊಸ್ತಿಲಲ್ಲೂ ಆಕೆ ಸಾವನ್ನೇ ಕೇಳಿಸಿಕೊಂಡಳು.

ಅಪ್ಪ ತೀರಿಕೊಂಡ ವರ್ಷ ನಾನು ಹತ್ತು ದಿನದ ವಿಪಸ್ಸನ ಧ್ಯಾನ ಶಿಬಿರಕ್ಕೆ ಹೋದದ್ದು ನಿಮಗೆ ಗೊತ್ತು. ಆಸ್ಪತ್ರೆಯಿಂದ ಅಪ್ಪ ಮಾಡಿದ ಕೊನೆಯ ಕರೆಯನ್ನು ನಾನು ಎತ್ತಿರಲಿಲ್ಲ ಎಂಬುದು ಗೊತ್ತಿಲ್ಲ. ಮೀಟಿಂಗಿನಲ್ಲಿದ್ದೆ. ಮೂರು ದಿನ ಮೂಗಿನ ಬಳಿಯ ಉಸಿರನ್ನಷ್ಟೇ ನೋಡಿ, ನಾಲ್ಕನೇ ದಿನ ಮೈಯ ಸಂವೇದನೆಗಳತ್ತ ಗಮನ ತಿರುಗಿಸಿದಾಗ ಎದೆಯ ಮೇಲೆ ಕಲ್ಲು ಹೇರಿದಂತಾಯಿತು. ಆಚಾರ್ಯರು ಕೇಳಿದ್ದು ಇಷ್ಟೇ: “ಭಾರವೇ, ಬಿಸಿಯೇ? ಒಂದೇ ಸಮನೆ ಇದೆಯೇ?” ನೋಡಿದೆ. ಒಂದೇ ಸಮನೆ ಇರಲಿಲ್ಲ. ಏರುತ್ತಿತ್ತು, ಇಳಿಯುತ್ತಿತ್ತು, ನಡುವೆ ಒಂದು ಗಳಿಗೆ ಇರುತ್ತಲೇ ಇರಲಿಲ್ಲ. ಅನಿಚ್ಚ (ಅನಿತ್ಯ) ಎಂಬ ಪದ ನನಗೆ ಅರ್ಥವಾದದ್ದು ಅಲ್ಲಿ. ಅತ್ತುಬಿಟ್ಟೆ. ಯಾರೂ ತಡೆಯಲಿಲ್ಲ.

ಒತ್ತಡದ ಕೆಲಸದವರಿಗೆ ಒಂದು ಗಂಟೆ ನೆಮ್ಮದಿ ಸಿಕ್ಕರೆ ನಿನಗೇನು ಕಷ್ಟ ಎನ್ನುವಿರಿ. ನೆಮ್ಮದಿ ಕೊಡಲಿ, ನಿದ್ದೆ ಬರಿಸಲಿ. ಅಳುವವರನ್ನು ಸುಮ್ಮನಾಗಿಸಲು ಬುದ್ಧನ ಹೆಸರು ಹೇಳಬೇಡಿ.

ನಿನ್ನೆಯ ಶಿಬಿರ ಮುಗಿದ ಮೇಲೆ ಆ ಸಹೋದ್ಯೋಗಿ, “ನನಗೆ ಧ್ಯಾನ ಒಗ್ಗುವುದಿಲ್ಲವೇನೋ” ಎಂದರು. ಅಮ್ಮ ನೆನಪಾದಾಗ ಎಲ್ಲಿ ನೋಯುತ್ತದೆ ಎಂದು ಕೇಳಿದೆ. ಗಂಟಲು ಮುಟ್ಟಿ ತೋರಿಸಿದರು. ಆಮೇಲೆ ಕ್ಯಾಂಟೀನಿನಲ್ಲಿ ಕಾಫಿ ಆರಿ ಕೆನೆ ಕಟ್ಟುವವರೆಗೂ ಅಮ್ಮನ ಬಗ್ಗೆ ಮಾತನಾಡಿದರು.