ಅಳತೆಗೆ ಬದ್ಧವಾಗಿರಲಿ ಚಿತ್ರ

ಎಂಆರ್‌ಐ ಯಂತ್ರವು ನೇರವಾಗಿ ಚಿತ್ರ ತೆಗೆಯುವುದಿಲ್ಲ. ದೇಹದೊಳಗಿನ ಹೈಡ್ರೋಜನ್ ಬೀಜಕೇಂದ್ರಗಳಿಂದ ಹೊರಡುವ ರೇಡಿಯೊ ಸಂಕೇತವನ್ನು ಅದು ಕೆ-ಸ್ಪೇಸ್ ಎಂಬ ಕೋಷ್ಟಕದಲ್ಲಿ ಸಾಲುಸಾಲಾಗಿ ತುಂಬಿಕೊಳ್ಳುತ್ತದೆ; ಆ ಕೋಷ್ಟಕಕ್ಕೆ ಫೂರಿಯರ್ ರೂಪಾಂತರ ಎಂಬ ಗಣಿತಕ್ರಿಯೆಯನ್ನು ಅನ್ವಯಿಸಿದಾಗಲೇ ಚಿತ್ರ ಮೂಡುತ್ತದೆ. ಪ್ರತಿ ಸಾಲಿಗೂ ಸಮಯ ಬೇಕಾದುದರಿಂದ, ನೋವಿನಲ್ಲಿ ಅಲುಗಾಡದೆ ಮಲಗಲಾರದವರಿಗೆ ಈ ಪರೀಕ್ಷೆಯೇ ಒಂದು ಶಿಕ್ಷೆಯಾಗುತ್ತದೆ. ಕಡಿಮೆ ಸಾಲುಗಳನ್ನು ಅಳೆದು ಉಳಿದದ್ದನ್ನು ಲೆಕ್ಕದಿಂದ ಪಡೆಯುವ ಪ್ರಯತ್ನಗಳು ಹೊಸವಲ್ಲ. 1999ರ ಸೆನ್ಸ್ ಮತ್ತು 2002ರ ಗ್ರಾಪಾ ವಿಧಾನಗಳು ಹಲವು ಕಾಯಿಲ್‌ಗಳು, ಅಂದರೆ ಸಂಕೇತವನ್ನು ಗ್ರಹಿಸುವ ಸುರುಳಿಗಳು, ಒಟ್ಟಿಗೆ ಹಿಡಿದ ಸಂಕೇತಗಳನ್ನು ಬಳಸಿಕೊಂಡವು. 2007ರಲ್ಲಿ ಲಸ್ಟಿಗ್, ಡೊನೊಹೊ ಮತ್ತು ಪಾಲಿ ಅವರು ಕೆಲವೇ ಅಳತೆಗಳಿಂದ ಪೂರ್ಣ ಚಿತ್ರವನ್ನು ಲೆಕ್ಕಹಾಕುವ ಕಂಪ್ರೆಸ್ಡ್ ಸೆನ್ಸಿಂಗ್ ವಿಧಾನವನ್ನು ಎಂಆರ್‌ಐಗೆ ಅಳವಡಿಸಿದರು.

ಉದಾಹರಣೆಗಳಿಂದ ಕಲಿಯುವ ಕಂಪ್ಯೂಟರ್ ಜಾಲಗಳಾದ ನ್ಯೂರಲ್ ನೆಟ್‌ವರ್ಕ್‌ಗಳು ಬಂದ ಮೇಲೆ ಮುಖ್ಯವಾಗಿ ಎರಡು ಮಾರ್ಗಗಳು ತೆರೆದುಕೊಂಡಿವೆ. ಹೊರನಾಡಿನಲ್ಲಿದ್ದುಕೊಂಡು ಈ ಕ್ಷೇತ್ರವನ್ನು ಆಸಕ್ತಿಯಿಂದ ಗಮನಿಸುತ್ತ ಬಂದಿರುವ ನನಗೆ ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯೆನಿಸುವುದಿಲ್ಲ. ಮೊದಲನೆಯದರಲ್ಲಿ, ಅಪೂರ್ಣ ಅಳತೆಯಿಂದ ಬಂದ ಮಸುಕು ಚಿತ್ರವನ್ನು ಯು-ನೆಟ್‌ನಂಥ ಜಾಲಕ್ಕೆ ಕೊಟ್ಟು ಸ್ಪಷ್ಟ ಚಿತ್ರವನ್ನು ಪಡೆಯಲಾಗುತ್ತದೆ. ಇದು ವೇಗದ ಮಾರ್ಗ. ಆದರೆ ಹೊರಬಂದ ಚಿತ್ರವು ಯಂತ್ರ ಅಳೆದ ಸಂಕೇತಕ್ಕೆ ಹೊಂದುತ್ತದೆಯೇ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಎರಡನೆಯ ಮಾರ್ಗ ಆ ಪ್ರಶ್ನೆಯನ್ನು ಪ್ರತಿ ಹಂತದಲ್ಲೂ ಕೇಳುತ್ತದೆ. ಹ್ಯಾಮರ್ನಿಕ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ವೇರಿಯೇಶನಲ್ ನೆಟ್‌ವರ್ಕ್ ಈ ಬಗೆಯದು. ಜಾಲವು ಚಿತ್ರವನ್ನು ತುಸು ತಿದ್ದುತ್ತದೆ. ತಿದ್ದಿದ ಚಿತ್ರವನ್ನು ಪ್ರತಿ ಕಾಯಿಲ್‌ನ ಸಂವೇದನೆಯಿಂದ (ಯಾವ ಭಾಗದ ಸಂಕೇತವನ್ನು ಅದು ಎಷ್ಟು ಬಲವಾಗಿ ಹಿಡಿಯುತ್ತದೆ ಎಂಬ ಪ್ರಮಾಣದಿಂದ) ಗುಣಿಸಿ, ಮತ್ತೆ ಕೆ-ಸ್ಪೇಸ್‌ಗೆ ಒಯ್ದು, ನಿಜವಾಗಿ ಅಳೆದ ಸಾಲುಗಳೊಂದಿಗೆ ಹೋಲಿಸಲಾಗುತ್ತದೆ. ಅಲ್ಲಿ ಕಂಡ ವ್ಯತ್ಯಾಸವು ಚಿತ್ರವನ್ನು ಮತ್ತೆ ಅಳತೆಯ ಕಡೆಗೆ ಎಳೆಯುತ್ತದೆ. ಇದೇ ಕ್ರಮ ಹಲವು ಬಾರಿ ನಡೆಯುತ್ತದೆ. ಭೌತಶಾಸ್ತ್ರದಿಂದ ತಿಳಿದಿರುವುದನ್ನು ಜಾಲ ಹೊಸದಾಗಿ ಕಲಿಯಬೇಕಾಗಿಲ್ಲ ಎಂಬುದೂ ಇದರ ದೊಡ್ಡ ಲಾಭ.

ನನ್ನ ಒಲವು ನಿಸ್ಸಂದೇಹವಾಗಿ ಎರಡನೆಯದರ ಕಡೆಗಿದೆ. ಹಾಗೆಂದು ಅದು ಸಂಪೂರ್ಣ ರಕ್ಷಣೆ ಕೊಡುತ್ತದೆ ಎನ್ನಲಾಗದು, ಏಕೆಂದರೆ ಅಳೆಯದ ಸಾಲುಗಳ ವಿಷಯದಲ್ಲಿ ಹೋಲಿಸಲು ಏನೂ ಇರುವುದಿಲ್ಲ. ಅಲ್ಲಿ ಜಾಲವು ತಾನು ಹಿಂದೆ ಕಂಡ ಚಿತ್ರಗಳ ಆಧಾರದ ಮೇಲೆಯೇ ಊಹಿಸುತ್ತದೆ. ಕಡಿಮೆ ಅಳತೆಯಿಂದ ಚಿತ್ರ ರೂಪಿಸುವ ವಿಧಾನಗಳಿಗಾಗಿ ನಡೆದ 2020ರ ಫಾಸ್ಟ್ಎಂಆರ್‌ಐ ಸ್ಪರ್ಧೆಗೆ ಬಂದ ಮೆದುಳಿನ ಚಿತ್ರಗಳಲ್ಲಿ ಇಲ್ಲದ ರಕ್ತನಾಳವೊಂದು ಮೂಡಿದ ಉದಾಹರಣೆಯನ್ನು ಆಯೋಜಕರೇ ದಾಖಲಿಸಿದ್ದಾರೆ. ಸರಾಸರಿ ಹೋಲಿಕೆಯನ್ನು ಅಳೆಯುವ ಎಸ್‌ಎಸ್‌ಐಎಂನಂಥ ಅಂಕ ಎಷ್ಟೇ ಚೆನ್ನಾಗಿದ್ದರೂ ಇಂಥ ಸಣ್ಣ ತಪ್ಪು ಅದರಲ್ಲಿ ಮರೆಯಾಗಬಹುದು. ಮೊಣಕಾಲಿನ ಮೆನಿಸ್ಕಸ್ ಎಂಬ ಮೃದ್ವಸ್ಥಿಯಲ್ಲಿರುವ ತೆಳುವಾದ ಸೀಳು ಚಿತ್ರದ ಎಷ್ಟು ಅಲ್ಪ ಭಾಗವನ್ನು ಆವರಿಸುತ್ತದೆ ಎಂಬುದನ್ನು ನೆನೆದರೆ ಈ ಆತಂಕ ಅರ್ಥವಾಗುತ್ತದೆ; ಆ ಸೀಳೇ ರೋಗಿಯ ಚಿಕಿತ್ಸೆಯನ್ನು ನಿರ್ಧರಿಸುತ್ತದೆ.

ಆದ್ದರಿಂದ ವೈದ್ಯರ ಮುಂದೆ ಬರುವ ಪ್ರತಿ ಚಿತ್ರದೊಂದಿಗೆ ಎಷ್ಟು ಭಾಗವನ್ನು ಅಳೆಯಲಾಗಿದೆ, ಎಷ್ಟನ್ನು ಜಾಲ ತುಂಬಿದೆ ಎಂಬ ಮಾಹಿತಿಯೂ ಇರಲೇಬೇಕೆಂದು ನಾನು ಬಯಸುತ್ತೇನೆ. ಅದಕ್ಕಿಂತಲೂ ಮುಖ್ಯವಾಗಿ, ಸಂಸ್ಕರಿಸಿದ ಚಿತ್ರವನ್ನಷ್ಟೇ ಇಟ್ಟುಕೊಂಡು ಕೆ-ಸ್ಪೇಸ್ ದತ್ತಾಂಶವನ್ನು ಅಳಿಸಿಹಾಕುವ ರೂಢಿ ಬದಲಾಗಬೇಕು. ಸಂಸ್ಕರಿಸಿದ ಚಿತ್ರಗಳಿಂದ ಕೃತಕವಾಗಿ ಪಡೆದ ದತ್ತಾಂಶದ ಮೇಲೆ ಪರೀಕ್ಷಿಸಿದ ಜಾಲಗಳು ತಮ್ಮ ನಿಜವಾದ ಸಾಮರ್ಥ್ಯಕ್ಕಿಂತ ಉತ್ತಮವಾಗಿ ಕಾಣುತ್ತವೆ ಎಂಬುದನ್ನು 2022ರ ಅಧ್ಯಯನವೊಂದು ತೋರಿಸಿದೆ. ನ್ಯೂಯಾರ್ಕಿನ ಎನ್‌ವೈಯು ಲ್ಯಾಂಗೋನ್ ವೈದ್ಯಕೀಯ ಸಂಸ್ಥೆ ಮತ್ತು ಫೇಸ್‌ಬುಕ್‌ನ ಸಂಶೋಧಕರು 2018ರಲ್ಲಿ ಮೊಣಕಾಲಿನ ಕಚ್ಚಾ ದತ್ತಾಂಶವನ್ನು ಎಲ್ಲರಿಗೂ ತೆರೆದಿಟ್ಟದ್ದರಿಂದಲೇ ಬೇರೆ ಬೇರೆ ವಿಧಾನಗಳನ್ನು ಒಂದೇ ಆಧಾರದ ಮೇಲೆ ಹೋಲಿಸುವುದು ಸುಲಭವಾಯಿತು. ಹೃದಯ, ಯಕೃತ್ತು ಮತ್ತು ಮಕ್ಕಳ ಪರೀಕ್ಷೆಗಳಿಗೂ ಅಂಥ ಸಂಗ್ರಹಗಳನ್ನು ಇನ್ನಷ್ಟು ಬೆಳೆಸುವ ಕೆಲಸಕ್ಕೆ ಹೊಸ ಜಾಲಗಳನ್ನು ರಚಿಸುವಷ್ಟೇ ಹಣವೂ ಮನ್ನಣೆಯೂ ಸಿಗಬೇಕು.