ಹೊಸ ಬ್ಯಾಂಡ್‌ನಲ್ಲಿ ಏನು ಹೋಗಿದೆ?

ಕೈಗೆ ಕಟ್ಟಿ ಹೆಜ್ಜೆ, ನಾಡಿ, ನಿದ್ದೆ ಅಳೆಯುವ ಹೊಸ ಫಿಟ್‌ನೆಸ್ ಬ್ಯಾಂಡ್ ಬರುತ್ತಿದೆ ಅಂತ ಸುದ್ದಿಯಾದರೆ ನಮ್ಮ ಆಫೀಸಿನಲ್ಲಿ ಎಲ್ಲರೂ ಕೇಳುವುದು ಒಂದೇ ಮಾತು: ಹೊಸದಾಗಿ ಏನು ಬಂದಿದೆ? ನಾನು ಕೇಳುವುದು ಇನ್ನೊಂದು: ಇದ್ದದ್ದರಲ್ಲಿ ಏನು ಹೋಗಿದೆ?

ಊರು ಬಿಟ್ಟು ಹೊರನಾಡಿಗೆ ಬಂದು ಹದಿಮೂರು ವರ್ಷವಾಯಿತು. ಪಕ್ಕದ ಸೀಟಿನ ಗೆಳೆಯ ವರ್ಷಕ್ಕೊಂದು ಬ್ಯಾಂಡ್ ಬದಲಾಯಿಸುತ್ತಾನೆ. ನನ್ನ ಕೈಯಲ್ಲಿರುವುದಕ್ಕೆ ಐದು ವರ್ಷ. ಪಟ್ಟಿಯ ಮೂರನೇ ತೂತು ಹರಿದು ನಾಲ್ಕನೆಯದಕ್ಕೆ ಸೇರಿಕೊಂಡಿದೆ. ಬಿಚ್ಚಿದರೆ ಮಣಿಕಟ್ಟಿನ ಸುತ್ತ ಬಿಸಿಲು ಕಾಣದ ಬಿಳಿ ಗೆರೆ. ಅವನು ಬ್ಯಾಂಡ್ ನೋಡುವುದು ಇವತ್ತು ಎಷ್ಟು ನಡೆದೆ ಅಂತ ತಿಳಿಯಲು. ನಾನು ನೋಡುವುದು ಹೋದ ವರ್ಷ ಇದೇ ಹೊತ್ತಿಗೆ ಹೇಗಿದ್ದೆ ಅಂತ. ಇಬ್ಬರದ್ದೂ ಸರಿಯೇ. ಆದರೆ ಕಂಪನಿಗಳ ಕಣ್ಣಿಗೆ ಬೀಳುವವನು ಜಾಸ್ತಿ ಅವನೇ, ಅದೇ ನನ್ನ ಚಿಂತೆ.

ಈ ಚಿಂತೆ ಸುಮ್ನೆ ಬಂದದ್ದಲ್ಲ. ಫಿಟ್‌ಬಿಟ್ ಕಂಪನಿ 2021ರಲ್ಲಿ ಚಾರ್ಜ್ 5 ಅನ್ನುವ ಬ್ಯಾಂಡ್ ತಂದಿತು. ಪರದೆಗೆ ಬಣ್ಣ ಬಂತು, ಇಸಿಜಿ ಬಂತು. ಆದರೆ ಚಾರ್ಜ್ 4ರಲ್ಲಿದ್ದ ಪಕ್ಕದ ಬಟನ್ ಹೋಯಿತು, ಎತ್ತರ ಅಳೆಯುವ ಸೆನ್ಸರ್ ಕೂಡ ಹೋಯಿತು. ಮೇಲೆ ಹತ್ತಿದ ಹಾಗೆ ಗಾಳಿಯ ಒತ್ತಡ ಚೂರು ಚೂರೇ ಇಳಿಯುತ್ತದೆ. ಆ ಸೆನ್ಸರ್ ಅದನ್ನು ಗುರುತಿಸಿ, ಸುಮಾರು ಮೂರು ಮೀಟರ್ ಏರಿದರೆ ಒಂದು ಮಹಡಿ ಅಂತ ಲೆಕ್ಕ ಹಾಕುತ್ತದೆ. ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡಿದವನಿಗೆ ಆ ಒಂದು ಅಂಕಿ ಎಷ್ಟು ದೊಡ್ಡದು ಅಂತ ಹತ್ತಿದವನಿಗೇ ಗೊತ್ತು. 2023ರ ಚಾರ್ಜ್ 6ರಲ್ಲಿ ಬಟನ್ ವಾಪಸ್ ಬಂತು. ಮಹಡಿ ಲೆಕ್ಕ ಬರಲಿಲ್ಲ.

ಬಟನ್‌ದು ಏನು ಮಹಾ ಅನ್ನಬಹುದು. ಓಡಿ ನಿಂತು, ಬೆವರಿದ ಬೆರಳಿನಲ್ಲಿ ಪರದೆಯನ್ನು ಎಡಕ್ಕೆ ಸರಿಸಿ, ಮೇಲಕ್ಕೆ ಸರಿಸಿ, ಅದು ಕೇಳದೆ ಮತ್ತೆ ಒತ್ತಿ, ಅಷ್ಟರಲ್ಲಿ ಗಡಿಯಾರ ಇನ್ನೂ ನಲವತ್ತು ಸೆಕೆಂಡ್ ಮುಂದೆ ಹೋಗಿರುತ್ತದೆ. ಒದ್ದೆ ಕೈಗೆ ಬಟನ್ನೇ ಬೇಕು. ವರ್ಷಗಟ್ಟಲೆ ಕಟ್ಟಿಕೊಂಡು ಓಡಿದವರನ್ನು ಒಂದು ಮಾತು ಕೇಳಿದ್ದರೆ ಇದು ತಿಳಿಯುತ್ತಿತ್ತು, ಅಲ್ವಾ?

ಅದಕ್ಕಿಂತ ನೋವಾದದ್ದು ಇನ್ನೊಂದು ಸುದ್ದಿ. ಫಿಟ್‌ಬಿಟ್‌ನಲ್ಲಿ ಗೆಳೆಯರು ಸೇರಿ ವಾರದ ಹೆಜ್ಜೆಗಳ ಪಂದ್ಯ ಕಟ್ಟುವ ಚಾಲೆಂಜ್ ಇತ್ತು. 2023ರ ಮಾರ್ಚ್ 27ಕ್ಕೆ ಅದನ್ನು ತೆಗೆದುಬಿಟ್ಟರು. ನಮ್ಮನೆಯಲ್ಲಿರುವುದು ಬೇರೆ ಕಂಪನಿಯ ಬ್ಯಾಂಡ್, ನಮ್ಮ ಪಂದ್ಯ ಇನ್ನೂ ನಡೆದಿದೆ. ಊರಲ್ಲಿರುವ ಅಕ್ಕ ಮತ್ತು ನಾನು, ಇಬ್ಬರೇ. ಭಾನುವಾರ ರಾತ್ರಿ ಅವಳು ಮುನ್ನೂರು ಹೆಜ್ಜೆ ಹಿಂದಿದ್ದರೆ ಮನೆಯೊಳಗೇ ಸುತ್ತು ಹಾಕುತ್ತಾಳೆ. ಇಲ್ಲಿ ಕೂತು ನಾನು ಅವಳ ಅಂಕಿ ಏರುವುದನ್ನು ನೋಡುತ್ತೇನೆ. ಫೋನ್ ಮಾಡದ ದಿನವೂ ಅವಳು ಎದ್ದು ಓಡಾಡುತ್ತಿದ್ದಾಳೆ ಅಂತ ಅದರಿಂದ ಗೊತ್ತಾಗುತ್ತದೆ. ಆ ಸುದ್ದಿ ಓದಿದಾಗ ಎಷ್ಟು ಮನೆಗಳಲ್ಲಿ ಇಂಥದ್ದೊಂದು ನಿಂತುಹೋಯಿತೋ ಅನ್ನಿಸಿತು. ದೂರ ಇರುವವರಿಗೆ ಇದು ಬರೀ ಆಟವಲ್ಲ.

ಬ್ಯಾಟರಿ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ನಿದ್ದೆ ಅಳೆಯಬೇಕಾದ ವಸ್ತುವನ್ನು ರಾತ್ರಿ ಚಾರ್ಜಿಗೆ ಹಾಕುವ ಹಾಗಿಲ್ಲ, ಅಷ್ಟೇ. 2014ರಲ್ಲಿ ಶಿಯೋಮಿಯ ಮೊದಲ ಮಿ ಬ್ಯಾಂಡ್‌ಗೆ ಪರದೆಯೇ ಇರಲಿಲ್ಲ, ಮೂರು ಸಣ್ಣ ದೀಪ ಮಾತ್ರ. ಒಂದು ಚಾರ್ಜಿಗೆ ತಿಂಗಳು ಬರುತ್ತದೆ ಅಂತ ಹೇಳಿಯೇ ಮಾರಿದರು. ಗೆಳೆಯ ಕಣ್ಣು ಕೋರೈಸುವ ಪರದೆ ಕೇಳುತ್ತಾನೆ. ನಾನು ಹತ್ತು ದಿನ ಬರುವ ಬ್ಯಾಟರಿ ಕೇಳುತ್ತೇನೆ.

ಇನ್ನು ಅಂಕಿಗಳ ವಿಚಾರ. ಇಲ್ಲಿ ಸ್ವಲ್ಪ ನಿಲ್ಲಬೇಕು. ಗೆಳೆಯ ಹೋದ ಸಲ ಹೊಸದು ತಂದಾಗ ಒಂದು ವಾರ ಎರವಲು ತೆಗೆದುಕೊಂಡೆ. ಎಡಗೈಗೆ ನನ್ನದು, ಬಲಗೈಗೆ ಅವನದು. ಒಂದು ದಿನವೂ ಎರಡರ ಹೆಜ್ಜೆ ಹೊಂದಲಿಲ್ಲ. ಯಾವುದೂ ಸುಳ್ಳು ಹೇಳುತ್ತಿರಲಿಲ್ಲ. ಬ್ಯಾಂಡ್ ಕಾಲನ್ನು ನೋಡುವುದೇ ಇಲ್ಲ, ಕೈಯ ಬೀಸನ್ನು ನೋಡಿ ಇದು ಹೆಜ್ಜೆ ಇರಬೇಕು ಅಂತ ಊಹಿಸುತ್ತದೆ. ತಳ್ಳುಗಾಡಿ ಹಿಡಿದು ನಡೆದರೆ ಕೈ ಅಲ್ಲಾಡುವುದಿಲ್ಲ, ಹೆಜ್ಜೆ ತಪ್ಪಿಹೋಗುತ್ತದೆ. ಒಂದೊಂದು ಕಂಪನಿಯ ಊಹೆ ಒಂದೊಂದು ಥರ. ದಿನಕ್ಕೆ 10,000 ಹೆಜ್ಜೆ ಅನ್ನುವುದೂ ವೈದ್ಯರು ಕೂತು ಬರೆದ ನಿಯಮವಲ್ಲ. 1965ರಲ್ಲಿ ಜಪಾನಿನಲ್ಲಿ ಬಂದ ಹೆಜ್ಜೆ ಎಣಿಸುವ ಸಾಧನದ ಹೆಸರೇ ಮಾನ್‌ಪೋ-ಕೇ, ಹತ್ತು ಸಾವಿರ ಹೆಜ್ಜೆಯ ಮಾಪಕ ಅಂತ. ಅಲ್ಲಿಂದ ಅದು ಊರೂರು ತಿರುಗಿತು.

ಹಾಗಾಗಿ ಐದು ವರ್ಷ ಒಂದೇ ಬ್ಯಾಂಡ್ ಕಟ್ಟಿದವನಿಗೆ ಅಂಕಿ ಎಷ್ಟು ಅನ್ನುವುದಕ್ಕಿಂತ, ನಿನ್ನೆಯ ಅಳತೆಗೋಲೇ ಇವತ್ತೂ ಇದೆಯಾ ಅನ್ನುವುದು ಮುಖ್ಯ. ಒಂದು ಬೆಳಿಗ್ಗೆ ಆ್ಯಪ್ ಅಪ್‌ಡೇಟ್ ಆದ ಮೇಲೆ ನನ್ನ ಗಾಢ ನಿದ್ದೆ ಅರ್ಧಕ್ಕೆ ಇಳಿದಿತ್ತು. ನಾಲ್ಕು ದಿನ ಒದ್ದಾಡಿದೆ. ಕಾಫಿ ಬಿಟ್ಟೆ, ಬೇಗ ಮಲಗಿದೆ. ಕೊನೆಗೆ ಗೊತ್ತಾಯಿತು, ನಿದ್ದೆ ಬದಲಾಗಿರಲಿಲ್ಲ, ಲೆಕ್ಕ ಬದಲಾಗಿತ್ತು. ನಿದ್ದೆಯ ಹಂತವನ್ನು ಸರಿಯಾಗಿ ಹೇಳಲು ತಲೆಗೆ ವೈರ್ ಹಚ್ಚಿ ಮೆದುಳಿನ ಅಲೆ ನೋಡಬೇಕು. ಮಣಿಕಟ್ಟಿನ ಸಾಧನ ನಾಡಿ ಮತ್ತು ಚಲನೆಯಿಂದ ಅಂದಾಜು ಮಾಡುತ್ತದೆ. ಅಂದಾಜು ಮಾಡಲಿ, ಬೇಡ ಅನ್ನುವುದಿಲ್ಲ. ಅಂದಾಜಿನ ರೀತಿ ಬದಲಾಯಿಸಿದ ದಿನ ಒಂದು ಸಾಲು ಬರೆದು ತಿಳಿಸಲಿ.

ನಾಡಿಯ ವಿಷಯದಲ್ಲೂ ನನಗೆ ಬೇಕಿರುವುದು ಪ್ರಾಮಾಣಿಕತೆಯೇ. ಹಿಂಬದಿಯ ಹಸಿರು ಬೆಳಕನ್ನು ರಕ್ತ ಹೀರಿಕೊಳ್ಳುತ್ತದೆ. ಪ್ರತಿ ಬಡಿತಕ್ಕೂ ಆ ಹೀರುವಿಕೆ ಏರಿಳಿಯುತ್ತದೆ, ಅದನ್ನೇ ಎಣಿಸುತ್ತಾರೆ. ಪಟ್ಟಿ ಸಡಿಲವಿದ್ದರೆ, ಚಳಿಗೆ ಕೈ ತಣ್ಣಗಾದರೆ, ಹಚ್ಚೆ ಇದ್ದರೆ ಅದು ಎಡವುತ್ತದೆ. ಎಡವಿದಾಗ ಗ್ರಾಫ್‌ನಲ್ಲಿ ಖಾಲಿ ಜಾಗ ಬಿಡಲಿ. ಚೆಂದದ ಗೆರೆ ಎಳೆದು ಮುಚ್ಚುವುದು ಬೇಡ.

ಮತ್ತೆ ಈ ವರ್ಷಗಳ ಲೆಕ್ಕವೆಲ್ಲ ಯಾರ ಹತ್ತಿರ ಇದೆ? ಮೈಕ್ರೋಸಾಫ್ಟ್ 2014ರಲ್ಲಿ ಬ್ಯಾಂಡ್ ತಂದು 2016ರಲ್ಲಿ ನಿಲ್ಲಿಸಿತು. 2019ರ ಮೇ 31ಕ್ಕೆ ಲೆಕ್ಕವೆಲ್ಲ ತೋರಿಸುತ್ತಿದ್ದ ಅದರ ಹೆಲ್ತ್ ಡ್ಯಾಶ್‌ಬೋರ್ಡ್ ಕೂಡ ಮುಚ್ಚಿತು. ಪೆಬಲ್ ಅನ್ನುವ ಸ್ಮಾರ್ಟ್ ಗಡಿಯಾರದ ಕಥೆ ಇನ್ನೊಂದು. 2016ರ ಕೊನೆಗೆ ಕಂಪನಿ ಬಾಗಿಲು ಹಾಕಿತು, 2018ರಲ್ಲಿ ಸರ್ವರ್‌ಗಳೂ ನಿಂತವು. ಆದರೆ ಅದನ್ನು ಕಟ್ಟಿಕೊಂಡವರು ಬಿಡಲಿಲ್ಲ. ರೆಬಲ್ ಅಂತ ತಾವೇ ಗುಂಪು ಕಟ್ಟಿ ಸೇವೆ ನಡೆಸಿದರು. ಪೆಬಲ್‌ನ ಸಾಫ್ಟ್‌ವೇರ್ ಫಿಟ್‌ಬಿಟ್ ಮೂಲಕ ಗೂಗಲ್ ಕೈ ಸೇರಿತ್ತು. 2025ರ ಜನವರಿಯಲ್ಲಿ ಗೂಗಲ್ ಅದರ ಮೂಲವನ್ನು ಎಲ್ಲರಿಗೂ ತೆರೆದಿಟ್ಟಿತು. ನಿಷ್ಠೆ ಅಂದರೆ ಇದು. ಇಂಥವರಿಗೆ ಹೊಸ ಸಾಧನ ಮಾಡುವವರು ಕೊಡಬೇಕಾದ ಕನಿಷ್ಠ ಮರ್ಯಾದೆ ಅಂದರೆ, ನನ್ನ ಐದು ವರ್ಷವನ್ನು ಒಂದೇ ಒಂದು ಫೈಲ್‌ನಲ್ಲಿ ನಾನು ಇಳಿಸಿಕೊಳ್ಳುವ ಹಾಗಿರಬೇಕು. ಬೇರೆ ಕಂಪನಿಗೆ ಹೋದರೂ ಅದು ಓದಲು ಬರಬೇಕು.

ಹಳಬರಿಗೆ ಕೊಟ್ಟ ಮಾತೂ ಉಳಿಯಬೇಕು. 2025ರ ಮೇನಲ್ಲಿ, ಸದಸ್ಯತ್ವದ ಮೇಲೆ ಬ್ಯಾಂಡ್ ಕೊಡುವ ವೂಪ್ ಕಂಪನಿ ತನ್ನ 5.0 ತಂದಾಗ, ಹೊಸ ಸಾಧನ ಉಚಿತವಾಗಿ ಸಿಗುತ್ತದೆ ಅಂದುಕೊಂಡಿದ್ದ ಹಳೆಯ ಸದಸ್ಯರಿಗೆ ದುಡ್ಡು ಕೊಡಿ ಅಥವಾ ಸದಸ್ಯತ್ವ ಮುಂದುವರಿಸಿ ಅಂತ ಹೇಳಿದರು. ಜನ ಸಿಟ್ಟಾದರು. ಆಮೇಲೆ 12 ತಿಂಗಳಿಗಿಂತ ಜಾಸ್ತಿ ಸದಸ್ಯತ್ವ ಉಳಿದವರಿಗೆ ಉಚಿತ ಅಂತ ತಿದ್ದಿಕೊಂಡರು. ತಿದ್ದಿಕೊಂಡದ್ದು ಒಳ್ಳೆಯದೇ.

ಕೊನೆಯದು ನನ್ನಂಥವನೇ ಕೇಳಬೇಕಾದದ್ದು. ಒಂದು ರಾತ್ರಿ ರೈಲು ಇಳಿದು ಎರಡೂ ಕೈಯಲ್ಲಿ ಬ್ಯಾಗ್ ಹಿಡಿದು ಹೊರಟಿದ್ದೆ. ಮಣಿಕಟ್ಟು ನಡುಗಿತು. ನೋಡಿದರೆ ಸಾಲಾಗಿ ಖಾಲಿ ಚೌಕಗಳು, ಕೊನೆಯಲ್ಲಿ ಒಂದು ಪ್ರಶ್ನೆ ಚಿಹ್ನೆ. ಅಕ್ಕ ಏನೋ ಕೇಳಿದ್ದಾಳೆ, ಅಷ್ಟು ತಿಳಿಯಿತು. ಬ್ಯಾಗ್ ಕೆಳಗಿಟ್ಟು ಫೋನ್ ತೆಗೆದೆ. 'ಮುಟ್ಟಿದ್ಯಾ?' ಅಂತ ಇತ್ತು.

ಈ ಪದ ಕಂಪ್ಯೂಟರಿನ ಲೆಕ್ಕದಲ್ಲಿ ಹತ್ತು ಸಂಕೇತ, ಕಣ್ಣಿಗೆ ಮೂರು ಅಕ್ಷರ. ಕೊಂಬು, ಗುಡಿಸು, ಇಳಿ, ಎರಡು ಒತ್ತು, ಎಲ್ಲ ಅದರದರ ಜಾಗಕ್ಕೆ ಕೂರಬೇಕು. ಅದಕ್ಕೆ ಫಾಂಟ್ ಬೇಕು, ಜೋಡಿಸುವ ಚೂರು ಸಾಫ್ಟ್‌ವೇರ್ ಬೇಕು. ಎಲ್ಲ ಭಾಷೆಯ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಮೂರು ದಶಕದಿಂದ ಜಾಗವಿದೆ, ಫೋನ್‌ಗಳೆಲ್ಲ ಓದುತ್ತವೆ, ನನ್ನ ಬ್ಯಾಂಡ್ ಓದುವುದಿಲ್ಲ. ಗೆಳೆಯನಿಗೆ ಅವನಮ್ಮ ಇಂಗ್ಲಿಷ್ ಅಕ್ಷರದಲ್ಲೇ ಬರೆಯುತ್ತಾರೆ, ಅವನ ಬ್ಯಾಂಡ್ ತೋರಿಸುತ್ತದೆ. 'ನಿಮ್ಮಕ್ಕನಿಗೂ ಹಾಗೇ ಬರೆಯಲು ಹೇಳು' ಅಂದ. ಹೇಳುವುದಿಲ್ಲ. ಅವಳು ಯಾಕೆ ಬದಲಾಗಬೇಕು?

ಹೊಸ ಬ್ಯಾಂಡ್ ತಂದ ದಿನ ಮೊದಲು ಅವಳಿಗೆ ಫೋನ್ ಮಾಡಿ, ಅದೇ ಒಂದು ಪದ ಕಳಿಸು ಅನ್ನುತ್ತೇನೆ. ಮೂರು ಅಕ್ಷರ ಮೂಡಿದರೆ ಹಳೆಯದನ್ನು ಬಿಚ್ಚುತ್ತೇನೆ.